ಜನರೇಟರ್ ಭಾಗ್ಯ

ಆ ಫೋಟೋ ನಿಮ್ಮ ಮೊಬೈಲಿಗೂ ಬಂದಿರುತ್ತೆ ಬಿಡಿ. ಅಕ್ಟೋಬರ್ 6, ವಿಶ್ವ ಸೆರೆಬ್ರಲ್ ಪಾಲ್ಸಿ ದಿನ. ಕೈಕಾಲು ಹಿಡಿತಕ್ಕೆ ಸಿಗದಂತೆ ಮಾಡೋ ಈ ಸ್ಥಿತಿಗೆ ಚಿಕ್ಕದಾಗಿ ಸಿಪಿ ಅಂತಾರೆ. ಕಟ್ಟಡಕ್ಕೆಲ್ಲ ಹಸಿರು ದೀಪ, ವೇದಿಕೆ ಮೇಲೆ ‘ಎಲ್ಲರೂ ನಮ್ಮವರೇ’ ಅನ್ನೋ ಬ್ಯಾನರ್, ಆ ವೇದಿಕೆಗೆ ಐದು ಮೆಟ್ಟಿಲು. ಗಾಲಿಕುರ್ಚಿಯಲ್ಲಿ ಕೂತ ಅತಿಥಿ ಕೆಳಗೆ, ಹೂಗುಚ್ಛ ಕೊಡೋರು ಮೇಲೆ. ಹೂಗುಚ್ಛ ನಾಲ್ಕು ಜನರ ಕೈ ದಾಟಿ ಇಳಿದು ಬಂತು. ಚಪ್ಪಾಳೆ.

ರ‍್ಯಾಂಪ್ ಇರಲಿಲ್ಲ ಅಂತ ಯಾರೂ ಸುಳ್ಳು ಹೇಳಬೇಡಿ. ನಾನೇ ಹಿಂದುಗಡೆ ಹೋಗಿ ನೋಡಿದೆ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ, ಲೆಕ್ಕ ಪಕ್ಕಾ ಇತ್ತು. ಅದರ ಮೇಲೆ ಜನರೇಟರ್ ಇಟ್ಟಿದ್ದರು ಅಷ್ಟೇ. ಜನರೇಟರ್ ಯಾಕೆ ಅಂದೆ. ಹಸಿರು ದೀಪಕ್ಕೆ ಸಾರ್, ಅಂದರು. ಸರಿ ತಾನೇ, ಜಾಗೃತಿಗೆ ಕರೆಂಟ್ ಬೇಕಲ್ವಾ?

ಭಾಷಣ ಮಾಡಿದ ಮಹನೀಯರು ‘ಈ ಪುಟಾಣಿ ಮಕ್ಕಳು’ ಅಂತ ಹನ್ನೊಂದು ಸಲ ಹೇಳಿದರು. ಬೇಜಾರಾಗಿ ಎಣಿಸಿದೆ. ಎದುರಿಗಿದ್ದ ಪುಟಾಣಿಗೆ ತಲೆ ನರೆತಿತ್ತು. ಸಿಪಿ ಇರೋ ಮಕ್ಕಳು ಮುಂದೆ ದೊಡ್ಡವರಾಗ್ತಾರೆ ಅನ್ನೋದು ಇವರಿಗೆ ಯಾಕೋ ಹೊಳೆಯೋದೇ ಇಲ್ಲ. ಆಮೇಲೆ ‘ಹೆರಿಗೆ ಸಮಯದಲ್ಲಿ ತಾಯಂದಿರು ಎಚ್ಚರ ವಹಿಸಬೇಕು’ ಅಂತ ಬೇರೆ ಅಂದರು. 1861ರಲ್ಲಿ ಲಿಟಲ್ ಅನ್ನೋ ಡಾಕ್ಟರು ಸಿಪಿಗೆ ಕಷ್ಟದ ಹೆರಿಗೆಯೇ ಕಾರಣ ಅಂದಿದ್ದರು. ಕನಸುಗಳಿಗೆ ಕೈಹಾಕೋ ಮೊದಲು ಇದೇ ವಿಷಯ ಓದ್ತಿದ್ದ ಮನೋವಿಶ್ಲೇಷಣೆಯ ಫ್ರಾಯ್ಡ್, 1890ರ ದಶಕದಲ್ಲೇ ಅನುಮಾನ ಪಟ್ಟ: ಗರ್ಭದಲ್ಲೇ ಏನೋ ತೊಂದರೆ ಆಗಿ, ಹೆರಿಗೆ ಕಷ್ಟವಾಗಿದ್ದೂ ಅದರಿಂದಲೇ ಇರಬಹುದಲ್ಲ ಅಂತ. ಹೆಚ್ಚಿನವರಲ್ಲಿ ಹೆರಿಗೆ ಹೊತ್ತಿನ ಉಸಿರುಗಟ್ಟುವಿಕೆ ಕಾರಣ ಅಲ್ಲ ಅಂತ ಆಮೇಲೆ ಗೊತ್ತೂ ಆಯ್ತು. ತಾಯಿಯನ್ನು ಬೈಯೋದು ಮಾತ್ರ ನಿಂತಿಲ್ಲ. ಫ್ರಾಯ್ಡ್ ಹೇಳಿದ್ದರಲ್ಲಿ ಬೇಡದ್ದೆಲ್ಲ ನೆನಪಿಟ್ಟುಕೊಂಡು ಬೇಕಾದ ಇದೊಂದನ್ನ ಮರೆತಿದ್ದೀವಿ.

ನಿಜ ಹೇಳ್ತೀನಿ, ಸಾಕಾಗಿದೆ. ಸಿಪಿ ಅಂಟೋದಲ್ಲ, ಬುದ್ಧಿ ಇಲ್ಲದಿರೋದೂ ಅಲ್ಲ. ಮೆದುಳು ಬೆಳೆಯೋ ಹೊತ್ತಿಗೆ ಆದ ಪೆಟ್ಟು, ಸ್ನಾಯು ಹೇಳಿದ ಮಾತು ಕೇಳಲ್ಲ, ಅಷ್ಟೇ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬಾಯಲ್ಲಿ ಮಾತಾಡೋಕೆ ಆಗಲ್ಲ. ಹೇಳೋಕೇನೂ ಇಲ್ಲ ಅಂತ ಯಾರು ಹೇಳಿದ್ದು? ಸ್ವಲ್ಪ ಕಾಯಬೇಕು. ನಮಗೆ ಅದೊಂದೇ ಆಗಲ್ಲ. ಇಡೀ ಕಟ್ಟಡಕ್ಕೆ ಬಣ್ಣದ ದೀಪ ಬೇಕಾದರೆ ಹಾಕ್ತೀವಿ, ಒಬ್ಬರು ಒಂದು ವಾಕ್ಯ ಮುಗಿಸೋ ತನಕ ಸುಮ್ನೆ ಕೂರಲ್ಲ.

ಕೊನೆಗೆ ನಿರೂಪಕಿ ಮೈಕ್ ಹಿಡಿದು ಕೆಳಗಿಳಿದು ಬಂದರು. ಅತಿಥಿಯನ್ನು ಬಿಟ್ಟು ಪಕ್ಕದಲ್ಲಿದ್ದ ಗೆಳತಿಯನ್ನ ಕೇಳಿದರು, “ಇವರಿಗೆ ಖುಷಿ ಆಯ್ತಂತಾ?” ಗೆಳತಿ ಅಕ್ಷರದ ಹಲಗೆ ಹಿಡಿದರು. ಅತಿಥಿಯ ಬೆರಳು ನಡುಗುತ್ತಾ, ದಾರಿ ತಪ್ಪುತ್ತಾ, ಮತ್ತೆ ಸರಿ ಮಾಡಿಕೊಳ್ಳುತ್ತಾ ಹೋಯಿತು. ಜ. ಅರ್ಧ ನಿಮಿಷ. ನ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ರೇ.

“ಜನರೇ!” ನಿರೂಪಕಿ ಕೂಗಿಯೇ ಬಿಟ್ಟರು. “ಜನರೇ ನನ್ನ ಶಕ್ತಿ ಅಂತಿದ್ದಾರೆ, ಜೋರಾದ ಚಪ್ಪಾಳೆ!”

ಸಭೆಯೆಲ್ಲ ಎದ್ದು ನಿಂತಿತು. ಬೆರಳು ಇನ್ನೂ ‘ಟ’ ಕಡೆ ಹೋಗ್ತಾನೇ ಇತ್ತು.