ಸಂಶಯ ಪಡುವವರಿಗೆ ಅನ್ನ ಹಾಕುವವರು ಯಾರು?

ದಾನದ ದುಡ್ಡಿನಲ್ಲಿ ಕೂತು ಧರ್ಮಗ್ರಂಥ ಓದಬೇಡಿ, ದುಡಿದು ತಿನ್ನಿ, ಆಮೇಲೆ ಓದಿ ಎಂದು 12ನೇ ಶತಮಾನದಲ್ಲಿ ಖಾರವಾಗಿ ಬರೆದವನು ಮೈಮೊನಿಡೀಸ್. ಯೆಹೂದಿ ಚಿಂತಕರಲ್ಲಿ ಬಹಳ ದೊಡ್ಡ ಹೆಸರು. ಆ ಹೆಸರಿಟ್ಟುಕೊಂಡ ಒಂದು ಕೇಂದ್ರ 2015ರಲ್ಲಿ ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಅದರ ಒಂದು ಮುಖ್ಯ ಕೆಲಸ ಏನಾಗಿತ್ತು ಅಂತೀರಿ? ಫೆಲೋಶಿಪ್ ಕೊಡುವುದು! ಯೆಹೂದಿ ಚಿಂತನೆಯಲ್ಲಿ ಸಂಶಯವಾದ, ಅಂದರೆ ಯಾವುದನ್ನಾದರೂ ಖಚಿತವಾಗಿ ತಿಳಿಯಬಹುದೇ ಎಂದು ಕೇಳುವ ಚಿಂತನೆ, ಎಲ್ಲೆಲ್ಲಿ ಕಾಣಿಸುತ್ತದೆ ಎಂದು ಹುಡುಕುವವರನ್ನು ಕೆಲವು ತಿಂಗಳಿಂದ ಒಂದು ವರ್ಷದವರೆಗೆ ಕರೆಸಿ, ಸಂಬಳ ಕೊಟ್ಟು ಕೂರಿಸುವುದು. ಹಿರಿಯರಿಗೂ ಇತ್ತು, ಪಿಎಚ್‌ಡಿ ಮುಗಿಸಿ ಜಾಸ್ತಿ ದಿನ ಆಗದ ಕಿರಿಯರಿಗೂ ಇತ್ತು. ದುಡ್ಡು ಬಂದಿದ್ದು ಜರ್ಮನಿಯ ಸಂಶೋಧನಾ ಪ್ರತಿಷ್ಠಾನದಿಂದ, ಅಂದರೆ ಬಹುಪಾಲು ಅಲ್ಲಿನ ಜನರ ತೆರಿಗೆಯಿಂದ.

ಈ ವಿಷಯ ಹೇಳಿದರೆ ನಮ್ಮವರು ಮೊದಲು ಕೇಳುವುದು ಒಂದೇ. "ಇದಕ್ಕೂ ದುಡ್ಡು ಕೊಡ್ತಾರಾ?" ಕೊಡ್ತಾರೆ. ಕೊಡಬೇಕು ಅಂತಲೇ ನಾನು ಹೇಳುವುದು. ಯಾಕೆ ಅಂತ ಹೇಳಲು ಮತ್ತೆ ಮೈಮೊನಿಡೀಸನ ಮನೆಗೇ ಹೋಗಬೇಕು.

ಅವನು ಆ ಖಾರದ ಮಾತು ಮೊದಲು ಬರೆದದ್ದು 1168ರಲ್ಲಿ ಮುಗಿಸಿದ ಒಂದು ವ್ಯಾಖ್ಯಾನದಲ್ಲಿ. ಆಗ ಅವನ ಖರ್ಚು ನೋಡಿಕೊಳ್ಳುತ್ತಿದ್ದವನು ತಮ್ಮ ಡೇವಿಡ್. ಹರಳು, ಮುತ್ತಿನ ವ್ಯಾಪಾರಿ. ತಮಾಷೆ ನೋಡಿ, ಅದೇ ವ್ಯಾಖ್ಯಾನದಲ್ಲಿ ಒಂದು ಕಿಂಡಿ ಬಿಟ್ಟಿದ್ದಾನೆ: ಪಂಡಿತನು ತನ್ನ ದುಡ್ಡನ್ನು ವ್ಯಾಪಾರಿಯ ಕೈಗೆ ಕೊಟ್ಟು, ಆ ವ್ಯಾಪಾರಿ ಇವನ ಪರವಾಗಿ ವ್ಯವಹಾರ ಮಾಡಿ ಲಾಭ ತಂದುಕೊಟ್ಟರೆ ಅದು ತಪ್ಪಲ್ಲವಂತೆ! ತಮ್ಮ ಮಾಡುತ್ತಿದ್ದದ್ದು ಸರಿಸುಮಾರು ಅದೇ. ಅಣ್ಣ ಕೂತು ಬರೆಯಲಿ ಎಂದು ತಮ್ಮ ಊರೂರು ತಿರುಗುತ್ತಿದ್ದ. ಇದು ಫೆಲೋಶಿಪ್ ಅಲ್ಲದೆ ಇನ್ನೇನು?

ಆಮೇಲೆ ಡೇವಿಡ್ ಭಾರತಕ್ಕೆ ಹೊರಟ. ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಅಣ್ಣನಿಗೆ ಬರೆದ ಕಾಗದ ಇವತ್ತಿಗೂ ಕೇಂಬ್ರಿಜ್‌ನಲ್ಲಿದೆ. ಅಲ್ಲಿ ಸಿಕ್ಕ ಸರಕು ಸರಿಯಿಲ್ಲ, ಇಂಡಿಯಾಕ್ಕೇ ಹೋಗುತ್ತೇನೆ, ಚಿಂತೆ ಬೇಡ ಅನ್ನುವ ಧಾಟಿಯ ಕಾಗದ. ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗಿತು. ತಮ್ಮನೂ ಹೋದ, ಮನೆಯ ದುಡ್ಡೂ ಹೋಯಿತು, ಬೇರೆಯವರು ನಂಬಿ ಕೊಟ್ಟ ದುಡ್ಡೂ ಹೋಯಿತು. ಹಿಂದೆ ಉಳಿದದ್ದು ತಮ್ಮನ ಹೆಂಡತಿ ಮತ್ತು ಪುಟ್ಟ ಮಗಳು. ಸುಮಾರು ಒಂದು ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ ಎಂದು ಮೈಮೊನಿಡೀಸ್ ಎಷ್ಟೋ ವರ್ಷಗಳ ಮೇಲೆ ಒಬ್ಬ ಪರಿಚಿತರಿಗೆ ಬರೆದ. ವೈದ್ಯವೃತ್ತಿಯೇ ಹೊಟ್ಟೆಪಾಡಾದದ್ದು ಆ ಹೊಡೆತದ ಮೇಲೆ.

(ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಡೇವಿಡ್ ಭಾರತದ ಯಾವ ಊರಿಗೆ ಹೊರಟಿದ್ದನೋ, ಆದರೆ ಅವನಿಗಿಂತ ಒಂದು ತಲೆಮಾರು ಮುಂಚೆ ನಮ್ಮ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಹೆಚ್ಚುಕಡಿಮೆ ಹದಿನೇಳು ವರ್ಷ ಸಂಸಾರ ಮಾಡಿಕೊಂಡಿದ್ದ. ಮೆಣಸು, ಅಡಿಕೆ, ಹಿತ್ತಾಳೆ ಸಾಮಾನು. ಅವನ ಕಾಗದಗಳೂ, ಡೇವಿಡ್‌ನ ಕಾಗದವೂ ಸಿಕ್ಕಿದ್ದು ಒಂದೇ ಕಡೆ, ಹಳೇ ಕೈರೋದ ಒಂದು ಸಿನಗಾಗ್‌ನ, ಅಂದರೆ ಯೆಹೂದಿ ಪ್ರಾರ್ಥನಾಮಂದಿರದ, ಹಳೇ ಕಾಗದ ಹಾಕಿಡುವ ಕೋಣೆಯಲ್ಲಿ. ಈ ಭಾರತದ ವ್ಯಾಪಾರದ ಕಾಗದಗಳನ್ನು ಜೋಡಿಸಲು ಕೂತ ವಿದ್ವಾಂಸ ಗೊಯ್ಟೈನ್ 1985ರಲ್ಲಿ ತೀರಿಕೊಂಡರು, ಪುಸ್ತಕ ಮುಗಿದಿರಲಿಲ್ಲ. ಫ್ರೀಡ್‌ಮನ್ ಅದನ್ನು ಮುಂದುವರಿಸಿದರು. ಇಂಗ್ಲಿಷ್ ಪುಸ್ತಕ ಹೊರಬಂದದ್ದು 2008ರಲ್ಲಿ. ಇಂಥ ಕೆಲಸಕ್ಕೆ ಎಷ್ಟು ಕಾಲ ಬೇಕು ಅಂತ ಕೇಳುವವರಿಗೆ ಇದನ್ನು ತೋರಿಸಬೇಕು.)

ಮತ್ತೆ ಮೈಮೊನಿಡೀಸ್. 1199ರಲ್ಲಿ, ತನ್ನ ಗ್ರಂಥವನ್ನು ಹೀಬ್ರೂಗೆ ತರುತ್ತಿದ್ದ ಅನುವಾದಕನಿಗೆ ಒಂದು ಕಾಗದ ಬರೆದ. ಅನುವಾದಕ ಬಂದು ನೋಡುತ್ತೇನೆ ಅಂದಿದ್ದ. ಇವನು ತನ್ನ ದಿನಚರಿ ಹೇಳಿಕೊಂಡ. ಬೆಳಿಗ್ಗೆ ಎದ್ದು ಕೈರೋಗೆ ಹೋಗಿ ಸುಲ್ತಾನನ ಮನೆಯವರನ್ನು ನೋಡಬೇಕು, ಮಧ್ಯಾಹ್ನ ಹಸಿದು ಮನೆಗೆ ಬಂದರೆ ಜಗಲಿ ತುಂಬ ರೋಗಿಗಳು, ಅವರಿಗೆ ಸ್ವಲ್ಪ ತಡೆಯಿರಿ ಎಂದು ಹೇಳಿ ಎರಡು ತುತ್ತು ತಿಂದು, ಆಮೇಲೆ ಸುಸ್ತಿಗೆ ಮಲಗಿಕೊಂಡೇ ಔಷಧಿ ಬರೆದುಕೊಡಬೇಕು, ರಾತ್ರಿ ಮಾತಾಡಲೂ ಶಕ್ತಿ ಇರುವುದಿಲ್ಲ. ನೀನು ಬಂದರೂ ನಿನ್ನ ಜೊತೆ ಒಂದು ಗಂಟೆ ಕೂರಲು ಆಗುವುದಿಲ್ಲ ಅಂತ. ದುಡಿದು ತಿಂದು ಆಮೇಲೆ ಓದಿ ಎಂದವನ ಸ್ವಂತ ಕಥೆ ಇದು. ಅದರ ನಡುವೆಯೂ 1190ರ ಹೊತ್ತಿಗೆ, ಗೊಂದಲಕ್ಕೆ ಬಿದ್ದವರಿಗೆ ದಾರಿ ತೋರಿಸುವ ಆ ದೊಡ್ಡ ಗ್ರಂಥ ಮುಗಿಸಿದ. ದೇವರು ಏನಲ್ಲ ಅಂತ ಹೇಳಬಹುದು, ಏನು ಅಂತ ಹೇಳಲಾಗದು ಎಂದ. ಗ್ರಹಗಳ ಚಲನೆ ಬಗ್ಗೆ ಅರಿಸ್ಟಾಟಲ್ ಹೇಳಿದ್ದು ಒಂದು, ಟಾಲೆಮಿಯ ಲೆಕ್ಕ ಇನ್ನೊಂದು, ಎರಡೂ ಕೂಡಿ ಬರುವುದಿಲ್ಲ, ನಿಜವಾದ ಗೊಂದಲ ಅಂದರೆ ಇದೇ ಎಂದು ಒಪ್ಪಿಕೊಂಡ. ಅವನು ಸಂಶಯವಾದಿಯೇ ಅಲ್ಲವೇ ಅಂತ ವಿದ್ವಾಂಸರು ಇನ್ನೂ ಜಗಳ ಆಡುತ್ತಾರೆ. ಆಡಲಿ ಬಿಡಿ. ಆದರೆ ಎಲ್ಲರೂ ಮೈಮೊನಿಡೀಸ್ ಆಗಲ್ಲ ಅಲ್ವಾ? ರೋಗಿಗಳನ್ನು ನೋಡಿ ಸುಸ್ತಾಗಿ ಬರೆಯದೇ ಹೋದವರ ಹೆಸರು ನಮಗೆ ಗೊತ್ತೇ ಇರುವುದಿಲ್ಲ.

ಉಳಿದವರ ಹೊಟ್ಟೆಪಾಡು ನೋಡಿ. ಉರಿಯೆಲ್ ಡ ಕೋಸ್ಟ ಪೋರ್ಚುಗಲ್‌ನವನು. ಬಲವಂತಕ್ಕೆ ಕ್ರೈಸ್ತರಾಗಿದ್ದ ಯೆಹೂದಿಗಳ ವಂಶ. ಚರ್ಚಿನಲ್ಲಿ ಖಜಾಂಚಿಯ ಒಳ್ಳೆಯ ಕೆಲಸ ಇತ್ತು, ಬಿಟ್ಟು ಬಂದ. ಆಮೇಲೆ ನೆಲೆಸಿದ್ದು ಎಲ್ಲಿ? ಇದೇ ಹ್ಯಾಂಬರ್ಗ್‌ನಲ್ಲಿ. 1616ರಲ್ಲಿ ಅಲ್ಲಿಂದ ವೆನಿಸ್‌ನ ರಬ್ಬಿಗಳಿಗೆ, ಅಂದರೆ ಯೆಹೂದಿ ಧರ್ಮಗುರುಗಳಿಗೆ, ಪ್ರಶ್ನೆ ಕಳಿಸಿದ, ಬರೆದಿಟ್ಟ ಧರ್ಮಗ್ರಂಥ ಸರಿ, ಬಾಯಿಮಾತಿನ ಸಂಪ್ರದಾಯಗಳನ್ನು ಯಾಕೆ ನಂಬಬೇಕು ಅಂತ. 1618ರಲ್ಲಿ ಬಹಿಷ್ಕಾರ. 1624ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಅವನ ಪುಸ್ತಕ ಸುಟ್ಟರು. ಪೂರ್ತಿ ನಾಶವಾಯಿತು ಎಂದೇ ಎಲ್ಲರೂ ನಂಬಿದ್ದರು. 1990ರಲ್ಲಿ ಕೋಪನ್‌ಹೇಗನ್‌ನ ಗ್ರಂಥಾಲಯದಲ್ಲಿ ಒಂದು ಪ್ರತಿ ಸಿಕ್ಕಿತು. ಅವನು ಮಾತ್ರ 1640ರಲ್ಲಿ, ಸಿನಗಾಗ್‌ನಲ್ಲಿ ಎಲ್ಲರೆದುರು ಚಾಟಿಯೇಟು ತಿಂದ ಮೇಲೆ, ಜೀವ ಕಳೆದುಕೊಂಡಿದ್ದ. ಹುಡುಕುವವರಿಗೆ ಸಂಬಳ ಇರದಿದ್ದರೆ ಆ ಪುಸ್ತಕ ಇನ್ನೂ ಕಪಾಟಿನಲ್ಲೇ ಇರುತ್ತಿತ್ತು ಅನ್ನುವುದು ನನ್ನ ಅನಿಸಿಕೆ.

ಆಮ್‌ಸ್ಟರ್‌ಡ್ಯಾಂನ ಯೆಹೂದಿ ತತ್ವಜ್ಞಾನಿ ಸ್ಪಿನೋಜ ನಿಮಗೆ ಗೊತ್ತು. 1656ರಲ್ಲಿ ಬಹಿಷ್ಕಾರ, ಆಮೇಲೆ ಗಾಜಿನ ಮಸೂರ ಉಜ್ಜುವ ಕೆಲಸ, ಗೆಳೆಯರು ಕೊಟ್ಟ ಪಿಂಚಣಿ. 1673ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಪ್ರೊಫೆಸರ್ ಹುದ್ದೆ ಕೊಡುತ್ತೇವೆ ಅಂತು. ಸ್ವಾತಂತ್ರ್ಯ ಇರುತ್ತದೆ, ಆದರೆ ರಾಜ್ಯದ ಧರ್ಮಕ್ಕೆ ತೊಂದರೆ ಮಾಡುವುದಿಲ್ಲ ಎಂದು ನಂಬಿದ್ದೇವೆ ಅಂತು. ಆ ಸ್ವಾತಂತ್ರ್ಯದ ಎಲ್ಲೆ ಎಲ್ಲಿ ನಿಲ್ಲುತ್ತದೋ ಗೊತ್ತಾಗುತ್ತಿಲ್ಲ ಎಂದು ಇವನು ನಯವಾಗಿ ಬೇಡ ಅಂದ. ಸರಿಯಾಗಿಯೇ ಮಾಡಿದ.

ಸೊಲೊಮನ್ ಮೈಮೊನ್ ಕಥೆ ಇನ್ನೂ ಕೆಟ್ಟದು. ಲಿಥುವೇನಿಯಾದ ಬಡ ಹುಡುಗ, ಮೈಮೊನಿಡೀಸನ ಮೇಲಿನ ಪ್ರೀತಿಗೆ ಅವನ ಹೆಸರನ್ನೇ ಇಟ್ಟುಕೊಂಡವನು. ಬರ್ಲಿನ್‌ನ ಬಾಗಿಲಿಗೆ ಬಂದಾಗ ಕೈಯಲ್ಲಿದ್ದದ್ದು ಆ ದೊಡ್ಡ ಗ್ರಂಥಕ್ಕೆ ತಾನು ಬರೆದ ವ್ಯಾಖ್ಯಾನ. ಅದನ್ನು ನೋಡಿಯೇ ಸಮುದಾಯದ ಹಿರಿಯರು ಊರೊಳಗೆ ಬಿಡಲಿಲ್ಲ. ತಿಂಗಳುಗಟ್ಟಲೆ ಭಿಕ್ಷೆ ಬೇಡಿದ. ಅದೇ ಮನುಷ್ಯ ಮುಂದೆ ಜರ್ಮನ್ ತತ್ವಜ್ಞಾನಿ ಕಾಂಟ್‌ನ ಪುಸ್ತಕ ಓದಿ ಆಕ್ಷೇಪ ಬರೆದು ಕಳಿಸಿದಾಗ, ನನ್ನ ವಿಮರ್ಶಕರಲ್ಲಿ ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಇನ್ನೊಬ್ಬರಿಲ್ಲ ಎಂದು ಸ್ವತಃ ಕಾಂಟ್ 1789ರಲ್ಲಿ ಕಾಗದ ಬರೆದ. ಕೊನೆಯ ವರ್ಷಗಳನ್ನು ಒಬ್ಬ ಶ್ರೀಮಂತ ಕೌಂಟ್‌ನ ಎಸ್ಟೇಟಿನಲ್ಲಿ, ಅವನ ಕೃಪೆಯಲ್ಲಿ ಕಳೆದ.

ತಮ್ಮ, ಗೆಳೆಯ, ಕೌಂಟ್. ಸಂಶಯ ಪಟ್ಟವರ ಊಟ ಇಂಥವರ ಮೇಲೆ ನಿಂತಿತ್ತು. ನಮ್ಮ ಕಾಲದಲ್ಲಿ ಅರ್ಜಿ ಹಾಕಿ ಪಡೆಯಬಹುದಾದ ಫೆಲೋಶಿಪ್ ಬಂತು ಅನ್ನುವುದು ನನಗೆ ಸಣ್ಣ ವಿಷಯ ಅನಿಸುವುದಿಲ್ಲ. ಅದೂ ಹ್ಯಾಂಬರ್ಗ್‌ನಲ್ಲಿ. ಅದೇ ವಿಶ್ವವಿದ್ಯಾಲಯಕ್ಕೆ 1929ರಲ್ಲಿ ಎರ್ನ್ಸ್ಟ್ ಕಾಸಿರೆರ್ ಎಂಬ ಯೆಹೂದಿ ತತ್ವಜ್ಞಾನಿ ರೆಕ್ಟರ್ ಆಗಿದ್ದರು, ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ 1933ರಲ್ಲಿ ದೇಶವನ್ನೇ ಬಿಟ್ಟು ಹೋಗಬೇಕಾಯಿತು.

ಫಲ ಏನು ಅನ್ನುವವರಿಗೆ ಒಂದೇ ಉದಾಹರಣೆ ಸಾಕು. ಸಿಮೋನೆ ಲುಜ್ಜಾಟೊ, ವೆನಿಸ್‌ನ ಘೆಟ್ಟೊದ, ಅಂದರೆ ಯೆಹೂದಿ ಕೇರಿಯ, ರಬ್ಬಿ. 1638ರಲ್ಲಿ ಬರೆದ ಪುಸ್ತಕದಲ್ಲಿ ಯೆಹೂದಿಗಳಿಂದ ವೆನಿಸ್‌ಗೆ ಎಷ್ಟು ಆದಾಯ ಬರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ ವ್ಯವಹಾರಸ್ಥ. ಅದೇ ಮನುಷ್ಯ 1651ರಲ್ಲಿ ಸಾಕ್ರಟೀಸನನ್ನು ಕಟಕಟೆಯಲ್ಲಿ ನಿಲ್ಲಿಸಿ, ಮನುಷ್ಯನ ಬುದ್ಧಿಗೆ ಯಾವುದೂ ಖಚಿತವಾಗಿ ಗೊತ್ತಾಗುವುದಿಲ್ಲ ಎಂದು ಇಟಾಲಿಯನ್‌ನಲ್ಲಿ ದೊಡ್ಡ ಪುಸ್ತಕ ಬರೆದ. ಧರ್ಮಗುರು ಬರೆದ ಸಂಶಯದ ಪುಸ್ತಕ! ಶತಮಾನಗಟ್ಟಲೆ ಓದಿದವರೇ ಕಡಿಮೆ. 2019ರಲ್ಲಿ ಇಂಗ್ಲಿಷ್ ಅನುವಾದದ ಜೊತೆ ಹೊರತಂದವರು ಹ್ಯಾಂಬರ್ಗ್ ಕೇಂದ್ರದ ಆಗಿನ ನಿರ್ದೇಶಕ ಜುಸೆಪ್ಪೆ ವೆಲ್ಟ್ರಿ ಮತ್ತು ಮಿಕೇಲಾ ಟೊರ್ಬಿಡೋನಿ.

ಈಗ ನನ್ನ ತಕರಾರು. ಒಂದು ವರ್ಷ ಏನಕ್ಕೂ ಸಾಲದು. ಈ ವಿಷಯಕ್ಕೆ ಹೀಬ್ರೂ ಬೇಕು, ಯೆಹೂದಿ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್‌ಗೆ ಅರಾಮಿಕ್ ಬೇಕು, ಮೈಮೊನಿಡೀಸ್ ಓದಲು ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ ಬೇಕು, ಸ್ಪಿನೋಜನಿಗೆ ಲ್ಯಾಟಿನ್, ಮೈಮೊನ್‌ಗೆ ಜರ್ಮನ್. ಹೊಸಬರು ಊರಿಗೆ ಬಂದು, ಮನೆ ಹುಡುಕಿ, ವೀಸಾ ಕಚೇರಿಯ ಕ್ಯೂನಲ್ಲಿ ನಿಂತು ಸುಧಾರಿಸಿಕೊಳ್ಳುವ ಹೊತ್ತಿಗೆ ಮುಂದಿನ ಅರ್ಜಿ ಬರೆಯುವ ಸಮಯ. ಆ ಅರ್ಜಿಗಳೋ! ಫೆಲೋಶಿಪ್ ಯಾವುದೇ ಇರಲಿ, ಏನು ಕಂಡುಹಿಡಿಯುತ್ತೀರಿ ಅಂತ ಮೊದಲೇ ಬರೆಯಬೇಕು. ಸಂಶಯವಾದ ಓದುವವರಿಗೆ ಇದಕ್ಕಿಂತ ದೊಡ್ಡ ಜೋಕ್ ಇಲ್ಲ. ತಾಲ್ಮುದ್ ಓದಿದವರಿಗೆ ಗೊತ್ತು, ಎಷ್ಟೋ ಕಡೆ ವಾದ ಎಲ್ಲ ಆದ ಮೇಲೆ, ಇದು ತೀರ್ಮಾನ ಆಗಲಿಲ್ಲ ಎಂದು ಹಾಗೇ ಬಿಟ್ಟಿದ್ದಾರೆ. ಹಾಗಂತ ಅರ್ಜಿಯಲ್ಲಿ ಬರೆದು ನೋಡಿ.

ಇನ್ನು ಜರ್ಮನಿಯ ಕಾನೂನು. 2007ರ ಆ ಕಾನೂನಿನ ಪ್ರಕಾರ ವಿಶ್ವವಿದ್ಯಾಲಯಗಳು ಸಂಶೋಧಕರನ್ನು ಸಾಮಾನ್ಯವಾಗಿ ಪಿಎಚ್‌ಡಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ತಾತ್ಕಾಲಿಕ ಒಪ್ಪಂದದಲ್ಲಿ ಇಟ್ಟುಕೊಳ್ಳಬಹುದು. ಆಮೇಲೆ ಕಾಯಂ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ನಲವತ್ತರ ಹೊಸ್ತಿಲಲ್ಲಿ ಬೇರೆ ದಾರಿ ನೋಡಿಕೊಳ್ಳಬೇಕು. ಸರ್ಕಾರ ಈ ಕಾನೂನನ್ನು ಹೊಗಳಿ ಹನ್ನಾ ಎಂಬ ಕಾರ್ಟೂನ್ ಹುಡುಗಿಯ ವಿಡಿಯೊ ಮಾಡಿತ್ತು. 2021ರಲ್ಲಿ ಸಾವಿರಾರು ಸಂಶೋಧಕರು "ನಾನೂ ಹನ್ನಾ" ಎಂದು ಟ್ವಿಟರ್‌ನಲ್ಲಿ ತಮ್ಮ ಕಷ್ಟ ಬರೆದರು. ಕೇಂದ್ರಗಳ ಗತಿಯೂ ಅಷ್ಟೇ. ಈ ಬಗೆಯ ಯೋಜನೆಗೆ ಪ್ರತಿಷ್ಠಾನ ದುಡ್ಡು ಕೊಡುವುದು ಹೆಚ್ಚೆಂದರೆ ಎಂಟು ವರ್ಷ.

ಹಾಗಾಗಿ ನಾನು ಕೇಳುವುದು ಇಷ್ಟೇ. ಹತ್ತು ಜನರಿಗೆ ಒಂದೊಂದು ವರ್ಷ ಹಂಚುವ ಬದಲು ಮೂರು ಜನರಿಗೆ ಮೂರು ಮೂರು ವರ್ಷ ಕೊಡಿ. ಅದರಲ್ಲಿ ಒಂದು ವರ್ಷ ಭಾಷೆಗೇ ಮೀಸಲಿಡಿ. ಪ್ರಶ್ನೆ ಬಗೆಹರಿಯಲಿಲ್ಲ ಅಂತ ವರದಿ ಬರೆದರೂ ತಗೊಳ್ಳಿ. ನಮ್ಮಲ್ಲಿ ತತ್ವಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರಿಗೂ ಒಂದು ಮಾತು: ಇಂಥ ವಿಷಯಕ್ಕೆ ಯೆಹೂದಿಯೇ ಆಗಬೇಕಿಲ್ಲ. ಜೈನರ ಸ್ಯಾದ್ವಾದವನ್ನೋ ಬೌದ್ಧ ದಾರ್ಶನಿಕ ನಾಗಾರ್ಜುನನನ್ನೋ ಗಂಭೀರವಾಗಿ ಓದಿದವರು ಇಂಥ ಕಡೆ ಕೂತರೆ ಕೇಳುವ ಪ್ರಶ್ನೆಯೇ ಬೇರೆ ಇರುತ್ತದೆ. ಹೀಬ್ರೂ ಮಾತ್ರ ಈಗಲೇ ಶುರು ಮಾಡಿ, ಅರ್ಜಿ ಹಾಕುವ ವರ್ಷ ಕಲಿಯುತ್ತೇನೆ ಅಂದರೆ ಆಗಲ್ಲ.