ಸ್ಮ್ಯಾಶ್ ಇರಲಿ, ಸರ್ಟಿಫಿಕೇಟ್ ಎಲ್ಲಿ?

ಬ್ಯಾಡ್ಮಿಂಟನ್ ಅಂಗಳದ ಗೆರೆ ಕಾಯುವವನಿಗೆ ಎರಡೇ ಮಾತು ಗೊತ್ತು: ಒಳಗೆ, ಹೊರಗೆ. ಇಂಡೋನೇಷ್ಯಾದ ಸರ್ಕಾರಿ ಗುಮಾಸ್ತರೂ ಬಹಳ ಕಾಲ ಅದೇ ಕೆಲಸ ಮಾಡಿದರು. ಗೆರೆ ಕಾಯುವವನು ಷಟಲ್ ಬಿದ್ದ ಜಾಗ ನೋಡುತ್ತಾನೆ. ಗುಮಾಸ್ತರು ಆಟಗಾರನ ಅಜ್ಜ ಹುಟ್ಟಿದ ಜಾಗ ನೋಡುತ್ತಿದ್ದರು.

ಅವರು ಕೇಳುತ್ತಿದ್ದ ಕಾಗದದ ಹೆಸರು ಎಸ್‌ಬಿಕೆಆರ್‌ಐ, ಅಂದರೆ ಪೌರತ್ವದ ಪುರಾವೆ ಪತ್ರ. ಕೇಳುತ್ತಿದ್ದದ್ದು ಮುಖ್ಯವಾಗಿ ಚೀನೀ ಮೂಲದವರನ್ನು. ಗ್ರಹಚಾರ ನೋಡಿ, ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದವರೂ ಅವರೇ. 1992ರ ಬಾರ್ಸಿಲೋನಾದಲ್ಲಿ ಸುಸಿ ಸುಸಾಂತಿ, ಅದೇ ದಿನ ಅಲನ್ ಬುದಿಕುಸುಮ. ಪದಕ ಕೊರಳಿಗೆ ಬಿದ್ದಾಗ ಸುಸಿ ಅತ್ತರು. ಆದರೆ ಕಣ್ಣೀರಿಗೆ ಮೊಹರು ಒತ್ತಲು ಬರುವುದಿಲ್ಲವಲ್ಲ! ಆ ಚಿನ್ನದ ಜೋಡಿಯನ್ನೂ ಪತ್ರದ ರಗಳೆ ಬಿಡಲಿಲ್ಲ.

ಇನ್ನು ತೋಂಗ್ ಸಿನ್ ಫು ಅವರನ್ನು ಯಾವ ದೇಶದ ವಲಸಿಗ ಎನ್ನಬೇಕೋ ನನಗೆ ಇಂದಿಗೂ ಬಗೆಹರಿದಿಲ್ಲ. ಹುಟ್ಟಿದ್ದು 1942ರಲ್ಲಿ, ಸುಮಾತ್ರಾದ ಲಾಂಪುಂಗ್‌ನಲ್ಲಿ. ಹಳ್ಳಿಗಳಲ್ಲಿ ವಿದೇಶಿಯರು ಅಂಗಡಿ ಇಡಕೂಡದೆಂದು 1959ರಲ್ಲಿ ಸರ್ಕಾರ ಆಜ್ಞೆ ಹೊರಡಿಸಿತು. ಮರುವರ್ಷ ಚೀನೀ ಮೂಲದ ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ಚೀನಾಕ್ಕೆ ಹೋದರು. ಆ ಹೊತ್ತಿಗೇ ಈ ಹುಡುಗನೂ ಅಲ್ಲಿಗೆ ಹೋಗಿ ಟಾಂಗ್ ಶಿಯಾನ್‌ಹು ಆದ. ಬ್ಯಾಡ್ಮಿಂಟನ್ನಿನ ಹಳೆಯ, ಹೆಸರಾಂತ ಟೂರ್ನಿಯಾದ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಏಳು ಸಲ ಗೆದ್ದ ಡೆನ್ಮಾರ್ಕಿನ ಎರ್ಲೆಂಡ್ ಕೊಪ್ಸ್‌ಗೇ ನೀರು ಕುಡಿಸಿದ. ಆದರೆ ದೊಡ್ಡ ಟೂರ್ನಿಗಳನ್ನು ನಡೆಸುವ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಷನ್ನನ್ನು ಚೀನಾ ಸೇರಿದ್ದು 1981ರಲ್ಲಿ. ಅಷ್ಟರಲ್ಲಿ ಚಾಂಪಿಯನ್ ಆಗುವ ವಯಸ್ಸು ಮೀರಿತ್ತು.

ಎಂಬತ್ತರ ದಶಕದಲ್ಲಿ ಅವರು ಹುಟ್ಟಿದ ನೆಲಕ್ಕೆ ಕೋಚ್ ಆಗಿ ಮರಳಿದರು. ಅಲನ್‌ರ ಚಿನ್ನದ ಹಿಂದೆ ಅವರ ಬೆವರಿದೆ. ಪೌರತ್ವ ಕೊಡಿ ಎಂದರು, ಸಿಗಲಿಲ್ಲ. ಚೀನೀ ಮೂಲದವರ ಮೇಲೆ ಗಲಭೆ ಎದ್ದು ಜಕಾರ್ತ ಹೊತ್ತಿ ಉರಿದ 1998ರಲ್ಲೇ ಚೀನಾಕ್ಕೆ ವಾಪಸಾದರು. ಅಲ್ಲಿ ಅವರ ಕೈಗೆ ಸಿಕ್ಕ, ಮುಂದೆ ಒಲಿಂಪಿಕ್ ಚಾಂಪಿಯನ್ ಆದ ಹುಡುಗನ ಹೆಸರು ಲಿನ್ ಡಾನ್.

1994ರಿಂದ 2002ರವರೆಗೆ ಥಾಮಸ್ ಕಪ್, ಅಂದರೆ ಪುರುಷರ ತಂಡಗಳ ವಿಶ್ವ ಪ್ರಶಸ್ತಿ, ಐದು ಸಲ ಸತತವಾಗಿ ಇಂಡೋನೇಷ್ಯಾದ್ದು. 2004ರಿಂದ 2012ರವರೆಗೆ ಐದು ಸಲ ಸತತವಾಗಿ ಚೀನಾದ್ದು, ಅದರಲ್ಲಿ ಮೊದಲನೆಯದನ್ನು ಗೆದ್ದದ್ದು ಜಕಾರ್ತದಲ್ಲೇ! ಎಲ್ಲವೂ ಒಬ್ಬ ಮುದುಕರ ಕೈಚಳಕ ಎನ್ನುವಷ್ಟು ದಡ್ಡ ನಾನಲ್ಲ. ಆದರೂ ಉಳಿಸಿಕೊಂಡ ಆ ಒಂದು ಹಾಳೆಯನ್ನು ಕಚೇರಿಯವರು ಯಾವ ಬೀರುವಿನಲ್ಲಿ ಇಟ್ಟರೋ ಎಂಬ ಕುತೂಹಲವಿದೆ.

ಪತ್ರ ಬೇಡವೆಂದು 1996ರಲ್ಲೇ ಅಧ್ಯಕ್ಷರ ಆದೇಶ ಹೊರಟಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಮಲಾಂಗ್‌ನಲ್ಲಿ ಹುಟ್ಟಿದ, ಚೀನೀ ಮೂಲದ ಆಟಗಾರ ಹೆಂದ್ರವಾನ್ 2000ದಲ್ಲಿ ಒಲಿಂಪಿಕ್ ಬೆಳ್ಳಿ ತಂದರು, 2001ರಲ್ಲಿ ವಿಶ್ವ ಚಾಂಪಿಯನ್ ಆದರು. ಕೌಂಟರಿನಲ್ಲಿ ಅವರ ಸಂಭಾಷಣೆ ಹೇಗಿದ್ದೀತು ಎಂದು ಊಹಿಸಿಕೊಳ್ಳುತ್ತೇನೆ.

"ಏನು ತಂದಿದ್ದೀರಿ?"

"ವಿಶ್ವ ಪ್ರಶಸ್ತಿ."

"ಜೆರಾಕ್ಸ್ ಎಲ್ಲಿ? ಎರಡು ಪ್ರತಿ ಬೇಕು."

ಅವರ ಪೌರತ್ವದ ಕಾಗದಕ್ಕಾಗಿ ಕೊನೆಗೆ 2002ರಲ್ಲಿ ಅಧ್ಯಕ್ಷೆ ಮೇಗಾವತಿ ಸುಕರ್ನೊಪುತ್ರಿಯವರೇ ಮಧ್ಯೆ ಬರಬೇಕಾಯಿತು. ಅದೇ ವರ್ಷ ಥಾಮಸ್ ಕಪ್ ಫೈನಲ್, ನಡೆದದ್ದು ಚೀನಾದ ಗುವಾಂಗ್‌ಝೌನಲ್ಲಿ. ಮಲೇಷ್ಯಾ ಎದುರು 2–2. ಕೊನೆಯ ಪಂದ್ಯಕ್ಕೆ ಇಳಿದವರು ಹೆಂದ್ರವಾನ್. ಗೆದ್ದರು, ಕಪ್ ಊರಿಗೆ ಬಂತು.

1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ವೆಂಬ್ಲಿಯಲ್ಲಿ 15–3, 15–10ರಿಂದ ಮಣಿಸಿದ ಲಿಯೆಮ್ ಸ್ವೀ ಕಿಂಗ್ ಕೂಡ ಇದೇ ಸಮುದಾಯದವರು. ಕಾಗದ ನೋಡುವವರೆಗೆ ಸೋಲು ನಮ್ಮದಲ್ಲ ಎಂದು ಇಂಡೋನೇಷ್ಯಾ ತಕರಾರು ತೆಗೆಯಲಿಲ್ಲ. ಅದು ಪಡುಕೋಣೆಯವರ ಪುಣ್ಯ.

ಹೆಂದ್ರವಾನ್ ಆಮೇಲೆ ಕೋಚ್ ಆಗಿ ಮಲೇಷ್ಯಾಕ್ಕೆ ಹೋದರು. ಅಲ್ಲಿ ಅವರು ನಿಜಕ್ಕೂ ವಿದೇಶಿ. ಅದಕ್ಕೆ ಯಾರೂ ಪುರಾವೆ ಕೇಳಿರಲಾರರು.