ದೇವರನಾಮಕ್ಕೆ ಸಂಗೀತ ಕಚೇರಿಯ ಕೊನೆಯ ಜಾಗವೇ ಯಾಕೆ?

ಚೆನ್ನೈಯ ಡಿಸೆಂಬರ್ ಸಂಗೀತ ಸೀಸನ್ನಿನಲ್ಲಿ ಏನಾದರೂ ಹೊಸದು ಕೇಳಬೇಕು ಅಂದರೆ ಮಧ್ಯಾಹ್ನದ ಪಟ್ಟಿ ನೋಡಬೇಕು. ಇದು ನಾನು ಇಲ್ಲಿ ನೆಲೆಸಿದ ಮೇಲೆ ಕಲಿತದ್ದು. ಸಂಜೆ ದೊಡ್ಡ ಹೆಸರಿನವರು ಹಾಡುತ್ತಾರೆ, ಟಿಕೆಟ್ ಇರುತ್ತದೆ. ಹನ್ನೆರಡಕ್ಕೋ ಎರಡಕ್ಕೋ ಹಾಡುವವರು ಈಗಿನ್ನೂ ಮೇಲೆ ಬರುತ್ತಿರುವ ಹುಡುಗ ಹುಡುಗಿಯರು. ಬಹಳಷ್ಟು ಸಭಾಗಳಲ್ಲಿ, ಅಂದರೆ ಕಚೇರಿ ನಡೆಸುವ ಸಂಘಗಳಲ್ಲಿ, ಅದಕ್ಕೆ ಟಿಕೆಟ್ ಇಲ್ಲ. ಅರ್ಧಕ್ಕರ್ಧ ಕುರ್ಚಿ ಖಾಲಿ. ಆದರೆ ಕೂತಿರುವವರು ಎಂಥವರು! ತೊಡೆಯ ಮೇಲೆ ತಾಳ ಹಾಕುತ್ತಾ, ಪುಟ್ಟ ನೋಟ್‌ಬುಕ್ಕಿನಲ್ಲಿ ರಾಗ, ಕೃತಿ ಬರೆದುಕೊಳ್ಳುತ್ತಾ ಕೂರುವ ಅಜ್ಜ ಅಜ್ಜಿಯರು. ಅವರ ಮುಂದೆ ಯಾರೂ ಸುಮ್ನೆ ಹಾಡಿ ಮುಗಿಸಿ ಹೋಗಲಾರರು.

ಕಳೆದ ಸೀಸನ್ನಿನ ಅಂಥ ಒಂದು ಮಧ್ಯಾಹ್ನ ಒಬ್ಬ ಯುವ ಗಾಯಕಿ ಮೋಹನಕಲ್ಯಾಣಿ ರಾಗವನ್ನು ಎತ್ತಿಕೊಂಡರು. ಹತ್ತುವಾಗ ಮೋಹನದ ಐದೇ ಸ್ವರ, ಇಳಿಯುವಾಗ ಕಲ್ಯಾಣಿಯ ಏಳೂ ಸ್ವರ. ಸಾಹಿತ್ಯವಿಲ್ಲದೆ ರಾಗವನ್ನು ಬಿಡಿಸುತ್ತಾ ಹೋಗುವ, ಅವಸರವಿಲ್ಲದ ಆಲಾಪನೆ. ಆಮೇಲೆ ಶುರುವಾದದ್ದು ಮುತ್ತಯ್ಯ ಭಾಗವತರ ಕನ್ನಡ ಕೃತಿ. ಆ ದಿನದ ಮುಖ್ಯ ಕೃತಿಯೇ ಅದು. ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್, ಆಗಲೇ ಹೊಳೆದಂತೆ ಸ್ವರ ಹಾಡುವ ಕಲ್ಪನಾಸ್ವರ, ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಎಲ್ಲವೂ ಅದಕ್ಕೇ. ಒಂದೇ ಒಂದು ಕನ್ನಡ ಸಾಲು, ಒಂದೊಂದು ಸಲ ಒಂದೊಂದು ಥರ ತಿರುಗಿ ತಿರುಗಿ ಬರುತ್ತಿತ್ತು. ಪಕ್ಕದಲ್ಲಿದ್ದ ತಮಿಳು ಅಜ್ಜಿ ತಲೆದೂಗುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು.

ಮುತ್ತಯ್ಯ ಭಾಗವತರು ತಿರುನೆಲ್ವೇಲಿ ಕಡೆಯ ಹರಿಕೇಶನಲ್ಲೂರಿನವರು, ತಮಿಳರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿನ ಆಸ್ಥಾನ ವಿದ್ವಾಂಸರನ್ನಾಗಿ ಮಾಡಿಕೊಂಡರು. ಚಾಮುಂಡೇಶ್ವರಿಯ ಅಷ್ಟೋತ್ತರ ಹಿಡಿದು 108 ಕೃತಿಗಳನ್ನು ಅವರು ರಚಿಸಿದ್ದು ಕನ್ನಡದಲ್ಲಿ. ಮೋಹನಕಲ್ಯಾಣಿ ಕೂಡ ಅವರೇ ರೂಪಿಸಿದ ರಾಗ. 1945ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಕಚೇರಿ ಮುಗಿದ ಮೇಲೆ ನಾನು ಅವರ ಹಿಂದೆಯೇ ಬಿದ್ದೆ. ಹೀಗೆ ಹುಡುಕುವಾಗ ಸಿಕ್ಕ ಇನ್ನೊಂದು ಅವರ ನಿರೋಷ್ಠ ರಾಗ. ಅದರಲ್ಲಿ ಮ, ಪ ಎರಡೂ ಇಲ್ಲ. ಹಾಗಾಗಿ ಸ್ವರ ಹಾಡುವಾಗ ತುಟಿಗೆ ತುಟಿ ತಾಗುವುದೇ ಇಲ್ಲ. ಆ ರಾಗಕ್ಕೆ ಅವರು ಬರೆದ ಸಾಹಿತ್ಯದಲ್ಲೂ ತುಟಿ ಸೇರುವ ಅಕ್ಷರ ಇಲ್ಲ. ಇಷ್ಟು ಕಟ್ಟುಪಾಡು ಹಾಕಿಕೊಂಡೂ ಹಾಡು ಹಾಡಾಗಿಯೇ ಉಳಿದಿದೆ, ಅದು ದೊಡ್ಡದು.

ಮೈಸೂರಿನಲ್ಲಿ ಬೆಳೆದ ನನಗೆ ಕನ್ನಡ ಕೃತಿಯೊಂದು ಮುಖ್ಯ ಕೃತಿಯಾಗಿ ಸಿಕ್ಕಿದ್ದು ಚೆನ್ನೈಯಲ್ಲಿ. ಇದು ನನ್ನನ್ನು ಬಿಡದೆ ಕಾಡುತ್ತಿದೆ. ನಾನು ಊರಿನಲ್ಲಿ ಕೇಳಿದ ಕಚೇರಿಗಳಲ್ಲಿ ಕನ್ನಡ ಬರುತ್ತಿದ್ದದ್ದು ತನಿ ಮುಗಿದ ಮೇಲೆ. ಆಗ ಕೇಳುಗರ ಕೋರಿಕೆಯ ಚೀಟಿಗಳು ವೇದಿಕೆಗೆ ಹೋಗುತ್ತವೆ. ಒಂದೆರಡು ದೇವರನಾಮ, ಮಂಗಳ, ಮುಗಿಯಿತು. ದೇವರನಾಮ ನನಗೆ ಪ್ರಾಣ. ಚೆನ್ನೈಯವರಿಗೂ ಅದರ ರುಚಿ ಗೊತ್ತು. ಗಾಯಕಿ ಎಂ.ಎಲ್. ವಸಂತಕುಮಾರಿಯವರು ಪುರಂದರದಾಸರ ಪದಗಳನ್ನು ಇಲ್ಲಿ ಮನೆಮನೆಗೆ ಮುಟ್ಟಿಸಿದರು. ಇಲ್ಲಿಯ ಮಕ್ಕಳು ಸ್ವರದ ಪಾಠ ಮುಗಿಸಿ ಮೊದಲು ಕಲಿಯುವ ಹಾಡುಗಳೂ ದಾಸರ ಮಲಹರಿ ರಾಗದ ಗೀತೆಗಳೇ. ಆದರೆ ಎರಡೂವರೆ ಗಂಟೆಯ ಕಚೇರಿಯಲ್ಲಿ ನಮ್ಮ ಭಾಷೆಗೆ ಕೊನೆಯ ಹತ್ತು ನಿಮಿಷ ಮಾತ್ರ ಅಂದರೆ, ಅಷ್ಟರಲ್ಲೇ ತೃಪ್ತಿಪಡುವ ನಮ್ಮ ಪಾಲೂ ಅದರಲ್ಲಿ ಇದೆ, ಅಲ್ವಾ?

ತಮಿಳರು ಇದನ್ನು ಒಪ್ಪಿಕೊಂಡು ಕೂರಲಿಲ್ಲ. ಒಂದು ಕಾಲದಲ್ಲಿ ತಮಿಳು ಹಾಡು ಕೂಡ ಇಲ್ಲಿ ತುಕ್ಕಡಾ ಆಗಿಯೇ, ಅಂದರೆ ಕೊನೆಯ ಸಣ್ಣ ಹಾಡಾಗಿಯೇ ಬರುತ್ತಿತ್ತು. ಅದನ್ನು ಪ್ರಶ್ನಿಸಿ ಚಳವಳಿ ಎದ್ದಿತು, 1943ರಲ್ಲಿ ತಮಿಳ್ ಇಸೈ ಸಂಗಮ್ ಹುಟ್ಟಿತು. ಆಗ ಜೋರು ವಾದ ವಿವಾದ ನಡೆದದ್ದು ನಿಜ. ತೆಲುಗು, ಸಂಸ್ಕೃತದ ಕೃತಿಗಳನ್ನು ತಳ್ಳಿಬಿಡುತ್ತಾರೆ ಅಂತ ಹೆದರಿದವರಿದ್ದರು. ಹಾಗೇನೂ ಆಗಲಿಲ್ಲ. ತ್ಯಾಗರಾಜರು, ದೀಕ್ಷಿತರು ಇದ್ದಲ್ಲೇ ಇದ್ದಾರೆ. ಜೊತೆಗೆ ತಮಿಳಿನಲ್ಲಿ ರಚಿಸಿದ ಪಾಪನಾಶಂ ಶಿವನ್, ಗೋಪಾಲಕೃಷ್ಣ ಭಾರತಿಯವರ ಕೃತಿಗಳೂ ಆಲಾಪನೆ, ನೆರವಲ್ ಸಮೇತ ಕಚೇರಿಯ ನಡುವೆ ಬಂದು ಕೂತಿವೆ. ಕೇಳುವವರು ಪಟ್ಟು ಹಿಡಿದರು, ಹಾಡುವವರು ಹಾಡಿದರು.

ನಾಗಸ್ವರದ ವಿಷಯವೂ ಹೀಗೇ. ನಮ್ಮಲ್ಲಿ ಮದುವೆ ಮನೆಯ ವಾಲಗದವರ ಹತ್ತಿರ ನಾವು ಏನು ಕೇಳುತ್ತೇವೆ? ಮುಹೂರ್ತಕ್ಕೆ ಗಟ್ಟಿಮೇಳ. ಉಳಿದ ಹೊತ್ತು ಅವರು ನುಡಿಸುತ್ತಾರೆ, ನಾವು ಮಾತಾಡುತ್ತೇವೆ. ಈ ವರ್ಷ ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ಪಂಗುನಿ ಉತ್ಸವಕ್ಕೆ ಹೋಗಿದ್ದೆ. ದೇವರು ಹೊರಗೆ ಹೊರಡುವಾಗ ಗಂಭೀರನಾಟ ರಾಗದಲ್ಲಿ ಮಲ್ಲಾರಿ ನುಡಿಸುತ್ತಾರೆ. ಅದಕ್ಕೆ ಸಾಹಿತ್ಯ ಇಲ್ಲ, ಬರೀ ರಾಗ ಮತ್ತು ಲಯ. ನಾಗಸ್ವರದ ಜೊತೆಯ ಡೋಲು ತವಿಲ್, ಅದರ ಪೆಟ್ಟು ಎದೆಗೇ ಬೀಳುತ್ತದೆ. ಆಮೇಲೆ ದೇವಸ್ಥಾನದ ಸುತ್ತಲಿನ ಮಾಡ ಬೀದಿಯಲ್ಲಿ ಮೆರವಣಿಗೆ ನಿಂತು ನಿಂತು ಸಾಗಿತು. ನಿಂತಲ್ಲೆಲ್ಲ ರಾಗ ಆಲಾಪನೆ. ದೇವರ ಪಲ್ಲಕ್ಕಿಗಿಂತ ಮುಂದೆ, ನಾಗಸ್ವರದ ಸುತ್ತ ಒಂದು ಗುಂಪು. ಅವರು ಅದನ್ನು ಕೇಳಲೆಂದೇ ಬಂದವರು. ಷಣ್ಮುಖಪ್ರಿಯ ರಾಗ ಮುಗಿಯುವ ತನಕ ಯಾರೂ ಅಲ್ಲಾಡಲಿಲ್ಲ. ಅಂದಿನಿಂದ ನನ್ನ ಫೋನಿನಲ್ಲಿ ನಾಗಸ್ವರ ವಿದ್ವಾಂಸ ಟಿ.ಎನ್. ರಾಜರತ್ನಂ ಪಿಳ್ಳೆಯವರ ತೋಡಿ ರಾಗವೇ ಜಾಸ್ತಿ. ಹಳೆಯ ಧ್ವನಿಮುದ್ರಣ, ಕರಕರ ಸದ್ದು ಇದೆ, ಆದರೂ ಆ ಉಸಿರಿನ ಉದ್ದಕ್ಕೆ ಸಾಟಿಯಿಲ್ಲ.

ಚೆನ್ನೈಯಲ್ಲಿ ಎಲ್ಲವೂ ಸರಿ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ತನಿ ಶುರುವಾದರೆ ಕ್ಯಾಂಟೀನ್ ಕಡೆ ಎದ್ದು ಹೋಗುವವರು ಇದ್ದಾರೆ. ಮೃದಂಗದವರ ಮುಖ ನೋಡಿದರೆ ಬೇಜಾರಾಗುತ್ತದೆ. ಸೀಸನ್ನಿನಲ್ಲಿ ಹಿಂದೂಸ್ತಾನಿ ಅಪರೂಪ. ಕನ್ನಡಿಗರಾದ ನಮ್ಮ ಕಿವಿ ಬೇರೆ. ಧಾರವಾಡ, ಮೈಸೂರು ಎರಡೂ ಒಂದೇ ನಾಡಿನಲ್ಲಿ ಇರುವುದರಿಂದ ಭೀಮಸೇನ ಜೋಶಿಯವರ ಅಭಂಗವೂ ನಮ್ಮದು, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ತಾನವೂ ನಮ್ಮದು. ಬೆಂಗಳೂರಿನ ಕೋಟೆ ಹೈಸ್ಕೂಲಿನ ರಾಮನವಮಿ ಚಪ್ಪರದಲ್ಲಿ ಹಿಂದೂಸ್ತಾನಿ, ಕರ್ನಾಟಕ ಸಂಗೀತ ಎರಡನ್ನೂ ಕೇಳಬಹುದು. ಶ್ರೀರಾಮಸೇವಾ ಮಂಡಳಿ 1939ರಿಂದ ಅದನ್ನು ನಡೆಸಿಕೊಂಡು ಬಂದಿದೆ. ನಮ್ಮ ಮೈಸೂರಿನ ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿಯಲ್ಲಂತೂ ದಾರಿಯಲ್ಲಿ ಹೋಗುವವರು ಸ್ಕೂಟರ್ ನಿಲ್ಲಿಸಿ ಕೇಳುತ್ತಾರೆ. ಸಂಗೀತ ಗೊತ್ತಿದ್ದವರೇ ಬರಬೇಕು ಅಂತೇನಿಲ್ಲ. ಈ ಬಿಚ್ಚುಮನಸ್ಸು ಇಲ್ಲಿಯ ಹವಾನಿಯಂತ್ರಿತ ಹಾಲ್‌ಗಳಲ್ಲಿ ನನಗೆ ಕಂಡಿಲ್ಲ.

ಆ ಚಪ್ಪರದಲ್ಲಿ ಕೂರುವ ನಾವು ಸ್ವಲ್ಪ ದೊಡ್ಡದನ್ನೇ ಬಯಸಬೇಕು ಅನ್ನುವುದು ನನ್ನ ಮಾತು. ದಾಸರ ಪದವನ್ನು ಮೂರು ನಿಮಿಷದಲ್ಲಿ ಮುಗಿಸಬೇಕು ಅಂತ ಯಾವ ನಿಯಮವೂ ಇಲ್ಲ. ಅದಕ್ಕೂ ಆಲಾಪನೆ ಮಾಡಬಹುದು, ಸಾಲಿಗೆ ನೆರವಲ್ ಮಾಡಬಹುದು. ಚಾಮುಂಡಿಯ ಮೇಲಿನ ಆ 108 ಕೃತಿಗಳಲ್ಲಿ ಎಷ್ಟೋ ನಾವು ಕೇಳಿಯೇ ಇಲ್ಲ. ಕಲಾವಿದರಿಗೆ ಚೀಟಿಯನ್ನು ಕೊನೆಯಲ್ಲಿ ಕಳಿಸುವ ಬದಲು ವ್ಯವಸ್ಥಾಪಕರಿಗೆ ವಾರದ ಮುಂಚೆಯೇ ತಿಳಿಸಿದರೆ ಗಾಯಕರೂ ತಯಾರಿ ಮಾಡಿಕೊಂಡು ಬರುತ್ತಾರೆ. ಮುಂದಿನ ಗಣೇಶ ಹಬ್ಬಕ್ಕೆ ಮೈಸೂರಿಗೆ ಬರುತ್ತೇನೆ. ಮೋಹನಕಲ್ಯಾಣಿಯ ಆ ಕೃತಿಯನ್ನು ಮುಖ್ಯ ಕೃತಿಯಾಗಿ ಹಾಡಿಸಿ ಅಂತ ಈಗಲೇ ಪತ್ರ ಬರೆದಿದ್ದೇನೆ. ನೀವೂ ನಿಮ್ಮೂರಿನ ಕಚೇರಿ ನಡೆಸುವವರಿಗೆ ಒಂದು ಬರೆಯಿರಿ.